ನಮ್ಮ ಕಾಳಿಂಗ ಬೇರೆಯೇ

ಬಿದಿರ ಮೆಳೆಯ ಬುಡದಲ್ಲಿ ತರಗೆಲೆಯ ಗುಪ್ಪೆ. ಹಟ್ಟಿಗೆ ಹಾಕಲೆಂದು ಯಾರೋ ಗುಡಿಸಿ ಒಟ್ಟಿ ಮರೆತಂತಿತ್ತು. ‘ಕಾಳಿಂಗದ ಗೂಡು ಮಾರಾಯ್ರೆ, ಹಳತು’ ಎಂದ ಮುಂದೆ ನಡೆಯುತ್ತಿದ್ದ ಹುಡುಗ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು ಇಂಬಳಗಳ ಮೇಲೇ ಕಣ್ಣಿಟ್ಟು ಬಂದಿದ್ದ ನಾವು ಗಕ್ಕನೆ ನಿಂತೆವು. ಹಾವಿಗೆಲ್ಲಿಯ ಕೈ? ಮೈಯನ್ನೇ ಕೊಕ್ಕೆ ಮಾಡಿ ಎಲೆ ಎಳೆದೆಳೆದು ಹೆಣ್ಣು ಗುಡ್ಡೆ ಹಾಕುತ್ತದೆ, ಒಳಗೆ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ, ಮರಿ ಹೊರಬರುವ ಮೊದಲೇ ಎದ್ದು ಹೋಗುತ್ತದೆ. ಹೀಗೆ ಗೂಡು ಕಟ್ಟುವ ಹಾವಿನ ಕುಲ ಇನ್ನೊಂದಿಲ್ಲ.

ಬ್ರಹ್ಮಾವರದಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಈ ಆಗುಂಬೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಬಾರ್ಕೂರಿನ ಬಳಿ ನಾವು ನೋಡುವ ಸೀತಾನದಿಗೆ ನೀರು ಬರುವುದು ಈ ಕಡೆಯ ಕಾಡಿನಿಂದಲೇ. ಹಾವುತಜ್ಞ ರಾಮುಲಸ್ ವಿಟೇಕರ್ 1971ರಲ್ಲಿ ತಮ್ಮ ಮೊದಲ ಕಾಡು ಕಾಳಿಂಗವನ್ನು ಕಂಡದ್ದು ಇಲ್ಲಿ. 2005ರಲ್ಲಿ ವಿಟ್ಲಿ ಪ್ರಶಸ್ತಿ ಬಂದಾಗ ಆ ಹಣ ಹಾಕಿ ಇಲ್ಲೇ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಆಮೇಲೆ ಹಾವಿನ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅದರ ಹಿಂದೆ ಕಾಡು ಅಲೆದದ್ದೂ ಆಯಿತು.

ಆದರೆ ದೊಡ್ಡ ಪ್ರಶ್ನೆಯನ್ನು ಎಬ್ಬಿಸಿದ್ದು ಒಂದು ಕಡಿತ. ವಿಟೇಕರ್ ಜೊತೆ ಕೆಲಸ ಮಾಡಿದ ಪಿ. ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗ ಕಚ್ಚಿತು. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ಆದದ್ದು. ಕಾಳಿಂಗಕ್ಕೆ ಅದು ಲೆಕ್ಕಕ್ಕಿಲ್ಲ. ಕಾಳಿಂಗಕ್ಕೆಂದೇ ಥಾಯ್ಲೆಂಡಿನಲ್ಲಿ ತಯಾರಾದ ಪ್ರತಿವಿಷವೂ ಸರಿಯಾಗಿ ಹಿಡಿಯಲಿಲ್ಲ. ಬದುಕಿ ಉಳಿದವರ ತಲೆಯಲ್ಲಿ ಹುಳ ಹೊಕ್ಕಿತು: ಅಲ್ಲಿನದೂ ಇಲ್ಲಿನದೂ ಒಂದೇ ಹಾವು ಹೌದೇ?

1836ರಲ್ಲಿ ಕ್ಯಾಂಟರ್ ಎಂಬಾತ ಬಂಗಾಳದ ಹಾವನ್ನು ನೋಡಿ ವಿವರಿಸಿದ್ದ. ಅಂದಿನಿಂದ ಫಿಲಿಪೀನ್ಸ್ ತನಕದ ಎಲ್ಲವೂ ಒಂದೇ ಎಂದು ಲೋಕ ನಂಬಿತ್ತು. ಅಷ್ಟು ದೂರದ ನಂಟನ್ನು ಮದುವೆ ಮನೆಯಲ್ಲೂ ಯಾರೂ ಒಪ್ಪುವುದಿಲ್ಲ! ಗೌರಿಶಂಕರ್ ಮತ್ತು ದೇಶವಿದೇಶದ ಜೊತೆಗಾರರು ಡಿಎನ್‌ಎ ತೆಗೆದು ನೋಡಿದರು. 2021ರಲ್ಲಿ ನಾಲ್ಕು ಕವಲುಗಳು ಕಂಡವು. ಕವಲು ಕಂಡರೆ ಸಾಲದು, ಕಣ್ಣಿಗೆ ಕಾಣುವ ಗುರುತು ಬೇಕು. ಮ್ಯೂಸಿಯಮ್ಮುಗಳಲ್ಲಿ ಕಾಪಿಟ್ಟ ಹಾವುಗಳ ಪಟ್ಟೆ, ಹಲ್ಲು, ಮೈಬಣ್ಣವನ್ನು ಒಂದೊಂದಾಗಿ ಹೋಲಿಸುತ್ತ ಕೂತರು. ನಮ್ಮ ಘಟ್ಟದ್ದಕ್ಕೆ ಪಟ್ಟೆ ಕಡಿಮೆ, 40 ದಾಟದು. ಆ ಪಟ್ಟೆಗಳಿಗೆ ಕಪ್ಪು ಅಂಚಿಲ್ಲ. ಉತ್ತರದ್ದಕ್ಕೆ ಅಂಚಿದೆ.

2024ರ ಅಕ್ಟೋಬರಿನಲ್ಲಿ ಹೆಸರು ಅಚ್ಚಾಯಿತು: ಒಫಿಯೊಫೇಗಸ್ ಕಾಳಿಂಗ. ಎರಡನೆಯ ಪದ ಅಪ್ಪಟ ನಮ್ಮದು. ಯಕ್ಷಗಾನ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದ್ಯಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟ ನಮ್ಮೂರವರಿಗೆ ಈ ಹೆಸರು ಬಾಯಿಗೆ ತಿರುಗದೆ ಇದ್ದೀತೆ? ಲ್ಯಾಟಿನ್ ಓದುವವರು ಇನ್ನು ಕಷ್ಟಪಡಲಿ.

ಹೆಸರೇನೋ ಸಿಕ್ಕಿತು. ಈ ಹಾವಿನ ವಿಷದಿಂದಲೇ ಮಾಡಿದ ಪ್ರತಿವಿಷ ಮಾತ್ರ ನಮ್ಮ ಆಸ್ಪತ್ರೆಗಳ ಫ್ರಿಜ್ಜಿಗೆ ಇನ್ನೂ ಬಂದಿಲ್ಲ. ಗೂಡು ಹಳತೆಂದು ತಾನೇ ಹೇಳಿದ್ದ ಹುಡುಗ, ಆದರೂ ದಾರಿ ಬಿಟ್ಟು, ನಮ್ಮನ್ನು ಮೆಳೆಗೆ ಇಪ್ಪತ್ತು ಹೆಜ್ಜೆ ಸುತ್ತು ಹಾಕಿಸಿಯೇ ಕರೆದೊಯ್ದ.