ಪಾಚಿ ತಿಕ್ಕಿದರೆ ಹೋಗದು, ನೀರು ನೋಡಿ

ಸೊಲ್ಲಾಪುರ: ‘ಎಷ್ಟ ತಿಕ್ಕಿದ್ರೂ ನಾಕ ದಿನಕ್ಕ ಮತ್ತ ಬರ್ತದ ನೋಡ್ರಿ’ ಎನ್ನುತ್ತ ಇಲ್ಲಿನ ಗೆಳೆಯರೊಬ್ಬರು ಸಮುದ್ರ ಮೀನಿನ ಅಕ್ವೇರಿಯಂ ಮಾರಲು ಹೊರಟಿದ್ದರು. ಗಾಜು, ಕಲ್ಲು ಎಲ್ಲ ಹಸಿರು ಪಾಚಿ.

ತಪ್ಪು ತಿಕ್ಕುವುದರಲ್ಲಿಲ್ಲ, ನಳದ ನೀರಿನಲ್ಲಿದೆ. ಊರಿಗೆ ಹೆಚ್ಚಾಗಿ ಬರುವುದು ಉಜನಿ ಜಲಾಶಯದ ನೀರು. ಪುಣೆ ಕಡೆಯ ಚರಂಡಿ ನೀರು ಭೀಮಾ ನದಿಗುಂಟ ಅಲ್ಲಿಗೇ ಸೇರುತ್ತದೆ. ಅದರಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್ ಶುದ್ಧೀಕರಿಸಿದರೂ ಪೂರ್ತಿ ಹೋಗುವುದಿಲ್ಲ. ಪಾಚಿಗೆ ಇವೇ ಗೊಬ್ಬರ. ನಮ್ಮ ಸೆಕೆಗೆ ತೊಟ್ಟಿಯ ನೀರು ಆವಿಯಾಗುತ್ತದೆ, ಗೊಬ್ಬರ ಉಳಿಯುತ್ತದೆ. ಮತ್ತೆ ನಳದ ನೀರೇ ಸುರಿದರೆ ಅದು ಏರುತ್ತಲೇ ಹೋಗುತ್ತದೆ.

ಉಪ್ಪು ಬೆರೆಸಲಿಕ್ಕೂ, ಕಡಿಮೆಯಾದಷ್ಟು ತುಂಬಲಿಕ್ಕೂ ಆರ್‌ಓ ನೀರೇ ಬೇಕು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಿ. ದೀಪ 8 ತಾಸು ಸಾಕು. ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಪ್ರೀತಿಗೆ ಹೆಚ್ಚು ಹಾಕಿದ್ದೂ ಗೊಬ್ಬರವೇ. ಪಾಚಿ ಮೇಯುವ ಟರ್ಬೋ ಬಸವನಹುಳು ಬಿಡಬಹುದು.

ಅಂಗಡಿಯವರು ‘ಶೇವಾಳ’ದ ಔಷಧಿ ಕೊಟ್ಟರೆ ತಾಮ್ರ ಇದೆಯೇ ಕೇಳಿ. ತಾಮ್ರ ಬಿದ್ದರೆ ಆ ಹುಳುಗಳೂ, ಹವಳವೂ ಸತ್ತಂತೆಯೇ.

ಗೆಳೆಯರು ನೀರು ಬದಲಿಸಿ ಎರಡು ತಿಂಗಳಾಯ್ತು. ಹಿಂದಿನ ಗಾಜಿನ ಮೂಲೆಯಲ್ಲಿ ಇನ್ನೂ ಒಂದಿಷ್ಟು ಹಸಿರಿದೆ. ಮಾರುವ ಮಾತು ಮಾತ್ರ ಬಿಟ್ಟಿದ್ದಾರೆ.