ಗಂಟೆ ಎಷ್ಟು? ಎಷ್ಟು ಹೊತ್ತಾಯಿತು?



ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ನಮ್ಮವರಲ್ಲಿ ಕಂಪ್ಯೂಟರ್ ಮಂದಿಗೇನೂ ಬರವಿಲ್ಲ. ಆದರೂ ಕಂಪ್ಯೂಟರಿಗೆ ಹೊತ್ತು ಹೇಗೆ ತಿಳಿಯುತ್ತದೆ ಎಂದು ಮಕ್ಕಳು ಕೇಳಿದರೆ ನಾವು ಮೆಲ್ಲಗೆ ಜಾರಿಕೊಳ್ಳುತ್ತೇವೆ. ನನ್ನ ಕೆಲಸವೇ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಲ್ಲಿ. ಹಾಗಾಗಿ ನಾಲ್ಕು ಮಾತು.

ಕರ್ನೆಲ್ ಎರಡು ಲೆಕ್ಕ ಇಡುತ್ತದೆ. ಮೊದಲನೆಯದು 'ಗಂಟೆ ಎಷ್ಟು' ಎಂಬುದಕ್ಕೆ. ಲಿನಕ್ಸ್‌ನಲ್ಲಿ ಇದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆ. ಅದಕ್ಕೆ ಡಲ್ಲಾಸೂ ಗೊತ್ತಿಲ್ಲ, ದಾವಣಗೆರೆಯೂ ಗೊತ್ತಿಲ್ಲ. ಮಾರ್ಚ್‌ನಲ್ಲಿ ಊರಿಗೂ ನಮಗೂ ಇರುವ ಅಂತರ ಹನ್ನೊಂದೂವರೆ ಗಂಟೆಯಿಂದ ಹತ್ತೂವರೆಗೆ ಇಳಿದಾಗಲೂ ಅದು ಅಲುಗುವುದಿಲ್ಲ. ಸ್ಥಳೀಯ ಗಂಟೆಗೆ ತಿರುಗಿಸುವುದು ಕರ್ನೆಲ್‌ನ ಹೊರಗಿನ ಕೆಲಸ. ಆದರೆ ಯಾರಾದರೂ ಗಡಿಯಾರ ತಿದ್ದಿದರೆ ಈ ಎಣಿಕೆ ಹಿಂದಕ್ಕೂ ಜಿಗಿಯಬಹುದು.

ಎರಡನೆಯದು 'ಎಷ್ಟು ಹೊತ್ತಾಯಿತು' ಎಂಬುದಕ್ಕೆ. ಹಿಂದಿನವರ ಗಳಿಗೆ ಬಟ್ಟಲಿನ ಹಾಗೆ ಇದು ಮುಂದಕ್ಕೆ ಮಾತ್ರ ಎಣಿಸುತ್ತದೆ. "ಕುಕ್ಕರ್ ಮೂರು ಸಲ ಕೂಗಿದ ಮೇಲೆ ನನ್ನನ್ನು ಕರೆ" ಎನ್ನುತ್ತೇವಲ್ಲ, ಟೈಮರ್ ಎಂದರೆ ಅಂಥದೇ ಕೋರಿಕೆ. ಆಸ್ಪತ್ರೆಯ ಔಷಧಿ ಪಂಪಿಗೆ ಮುಖ್ಯವಾದದ್ದು ಎರಡು ಹನಿಗಳ ನಡುವಿನ ಹೊತ್ತು, ಗೋಡೆಯ ಮೇಲಿನ ಗಂಟೆಯಲ್ಲ.

ಈ ಎಣಿಕೆಗೂ ಮಿತಿಯುಂಟು. ಸೆಕೆಂಡಿಗೆ ಸಾವಿರದಂತೆ ಎಣಿಸಿದರೆ 32 ಬಿಟ್‌ನ ಪಾತ್ರೆ 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ವಿಂಡೋಸ್ 95 ಅಷ್ಟು ದಿನ ಆರಿಸದೆ ಇಟ್ಟರೆ ಇದರಿಂದಲೇ ಸ್ತಬ್ಧವಾಗುತ್ತಿತ್ತು. (ಅಲ್ಲಿಯವರೆಗೆ ಬೇರೆ ಕಾರಣಕ್ಕೆ ನಿಲ್ಲದಿದ್ದರೆ, ಅನ್ನಿ!) ಲಿನಕ್ಸ್‌ನವರ ಉಪಾಯ ನನಗೆ ಬಹಳ ಇಷ್ಟ: ಯಂತ್ರ ಶುರುವಾದ ಐದೇ ನಿಮಿಷಕ್ಕೆ ಪಾತ್ರೆ ತುಂಬುವಂತೆ ಆರಂಭದ ಸಂಖ್ಯೆ ಇಟ್ಟಿದ್ದಾರೆ. ತಪ್ಪಿದ್ದರೆ ಬರೆದವನ ಮೇಜಿನ ಮೇಲೇ ಬಯಲಾಗಲಿ ಎಂದು.

ಆದರೂ ಒಂದು ತಪ್ಪು ಉಳಿದಿತ್ತು. 2012ರ ಜೂನ್ 30ರ ಸಂಜೆ, ಟೆಕ್ಸಾಸ್‌ನಲ್ಲಿ ಏಳು ಗಂಟೆ ಹೊಡೆಯುವ ಮುನ್ನ, ಅಧಿಕ ಮಾಸದ ಹಾಗೆ ಒಂದು ಅಧಿಕ ಸೆಕೆಂಡು ಬಂತು. ಮೊದಲ ಎಣಿಕೆ ಸರಿಹೋಯಿತು. ಟೈಮರ್‌ಗಳ ವಿಭಾಗಕ್ಕೆ ಆ ಸುದ್ದಿ ಮುಟ್ಟಲಿಲ್ಲ. ಸೆಕೆಂಡಿಗಿಂತ ಕಿರಿದಾದ ಟೈಮರ್‌ಗಳು ಇಟ್ಟ ಕೂಡಲೇ ಮುಗಿಯತೊಡಗಿ, ಪ್ರೊಸೆಸರ್‌ಗಳು ಸುಮ್ಮನೆ ಗಿರಕಿ ಹೊಡೆದವು. ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ವಿಮಾನಗಳ ಚೆಕ್-ಇನ್ ವ್ಯವಸ್ಥೆ ಕೆಟ್ಟು ಪ್ರಯಾಣಿಕರು ಕಾಯಬೇಕಾಯಿತು. ತಕ್ಷಣದ ಮದ್ದು ಏನು ಗೊತ್ತೇ? ಆಗಿನ ಗಂಟೆಯನ್ನೇ ಇನ್ನೊಮ್ಮೆ ಕೈಯಾರೆ ಹೊಂದಿಸುವುದು!

ಮುಂದಿನ ಗಂಡಾಂತರ 2038ರ ಜನವರಿ 18ರ ಸೋಮವಾರ ರಾತ್ರಿ, ನಮ್ಮ 9 ಗಂಟೆ 14 ನಿಮಿಷ 7 ಸೆಕೆಂಡಿಗೆ. ಊರಿನಲ್ಲಿ ಆಗ ಮರುದಿನ ಬೆಳಿಗ್ಗೆ 8 ಗಂಟೆ 44 ನಿಮಿಷ. 1970ರಿಂದ ಬಂದ ಎಣಿಕೆಯ 32 ಬಿಟ್‌ನ ಪಾತ್ರೆ ಅಲ್ಲಿಗೆ ಭರ್ತಿ. ಈಗಿನ ಲ್ಯಾಪ್‌ಟಾಪ್‌ಗಳಿಗೆ ಭಯವಿಲ್ಲ, ಅವು 64 ಬಿಟ್‌ನವು. ಗೋಡೆಯೊಳಗೆ, ಕಾರ್ಖಾನೆಯ ಮೂಲೆಯಲ್ಲಿ ಯಾರೂ ಮುಟ್ಟದೆ ಕುಳಿತ ಹಳೆಯ ಪೆಟ್ಟಿಗೆಗಳು ಮಾತ್ರ ಆ ಕ್ಷಣ 1901ರ ಡಿಸೆಂಬರ್‌ಗೆ ಹಾರಿಬಿಡಬಹುದು.