ವಿಶ್ವವಿದ್ಯಾನಿಲಯದ ಮಾತೂ ಸರಕಾರದ ಕಿವಿಯೂ

ಸರಕಾರವು ಹೊಸ ಯಂತ್ರವನ್ನಾಗಲಿ ಹೊಸ ವಿದ್ಯೆಯನ್ನಾಗಲಿ ರಾಜ್ಯದೊಳಕ್ಕೆ ತರಲು ಹೊರಟಾಗ ಅದರ ಗುಣದೋಷಗಳನ್ನು ಯಾರಿಂದ ಕೇಳಿ ತಿಳಿಯಬೇಕು? ಮಾರಲು ಬಂದ ವರ್ತಕನನ್ನು ಕೇಳಿದರೆ ಅವನು ಗುಣವನ್ನಷ್ಟೇ ಹೇಳುವನು. ಎದುರು ಪಕ್ಷದವರನ್ನು ಕೇಳಿದರೆ ಅವರು ದೋಷವನ್ನಷ್ಟೇ ಹೇಳುವರು. ಕಚೇರಿಯ ಅಧಿಕಾರಿಯು ಕಾಯಿದೆ ಕಾನೂನುಗಳನ್ನು ಬಲ್ಲವನು. ನಿನ್ನೆ ಮೊನ್ನೆ ಹುಟ್ಟಿದ ಯಂತ್ರದ ಒಳಗುಟ್ಟನ್ನೂ ಅವನು ಬಲ್ಲನೆಂದು ಎಣಿಸುವುದು ಅವನಿಗೇ ಅನ್ಯಾಯ ಮಾಡಿದಂತೆ. ಇನ್ನುಳಿದವರೆಂದರೆ, ಪ್ರಜೆಗಳ ತೆರಿಗೆಯ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಇವೇ ವಿಷಯಗಳ ವ್ಯಾಸಂಗಕ್ಕೆ ಆಯುಸ್ಸನ್ನು ಸವೆಸುತ್ತಿರುವ ಸಂಶೋಧಕರು. ಇವರನ್ನು ನಮ್ಮ ಸರಕಾರಗಳು ಘಟಿಕೋತ್ಸವದ ದಿನ ಕೊಂಡಾಡುವುವು. ನಿರ್ಣಯ ಮಾಡುವ ದಿನ ಮರೆಯುವುವು.

ಮರೆತುದರಿಂದ ಆದ ನಷ್ಟಕ್ಕೂ ನೆನೆದುದರಿಂದ ಆದ ಲಾಭಕ್ಕೂ ದೃಷ್ಟಾಂತಗಳನ್ನು ದೂರದ ದೇಶಗಳಿಂದ ತರಬೇಕಾಗಿಲ್ಲ. ನಮ್ಮ ನಾಡಿನ ಚರಿತ್ರೆಯಲ್ಲಿಯೇ ಮೂರು ದೊರೆಯುವುವು. ಒಂದು ಗಂಧದ್ದು, ಇನ್ನೊಂದು ವಿದ್ಯುಚ್ಛಕ್ತಿಯದು, ಮತ್ತೊಂದು ಬದನೆಯದು.

೧೯೧೪ರ ಆಗಸ್ಟಿನಲ್ಲಿ ಯೂರೋಪಿನ ಮಹಾಯುದ್ಧವು ಮೊದಲಾದಾಗ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಅನಿರೀಕ್ಷಿತವಾದ ಪೆಟ್ಟು ಬಿದ್ದಿತು. ಶ್ರೀಗಂಧದ ಮರವು ಸರಕಾರದ ಸ್ವತ್ತಾಗಿದ್ದಿತು; ಅದರ ಕೊರಡುಗಳನ್ನು ಹರಾಜಿನಲ್ಲಿ ಕೊಂಡು, ಹಡಗಿಗೇರಿಸಿ ಒಯ್ದು, ಎಣ್ಣೆ ತೆಗೆಯುತ್ತಿದ್ದವರಲ್ಲಿ ಜರ್ಮನರೇ ಮುಖ್ಯರು. ಯುದ್ಧದಿಂದ ಆ ಹಾದಿ ಮುಚ್ಚಿತು. ಮರ ನಮ್ಮದು, ಎಣ್ಣೆ ತೆಗೆಯುವ ವಿದ್ಯೆ ಪರರದು ಎಂಬ ಪರಾಧೀನತೆಯು ಅಂದು ಎಲ್ಲರ ಕಣ್ಣಿಗೂ ಬಿದ್ದಿತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು, ಕೈಗಾರಿಕಾ ಇಲಾಖೆಯನ್ನು ನಡೆಸುತ್ತಿದ್ದವರು ಆಲ್ಫ್ರೆಡ್ ಚಾಟರ್ಟನ್ ಅವರು. ಪ್ರಶ್ನೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ೧೯೦೯ರಲ್ಲಿ ಸ್ಥಾಪಿತವಾಗಿ ೧೯೧೧ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದ ಆ ಸಂಸ್ಥೆಗೆ, ಜಮ್‌ಶೇಟ್‌ಜಿ ಟಾಟಾ ಅವರ ದಾನದೊಡನೆ, ಮೈಸೂರು ಸರಕಾರವೂ ೩೭೧ ಎಕರೆ ಭೂಮಿಯನ್ನು ಕೊಟ್ಟಿದ್ದಿತು. ಅಲ್ಲಿಯ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಗಂಧದ ಚಕ್ಕೆಯಿಂದ ಎಣ್ಣೆಯನ್ನು ಬಟ್ಟಿಯಿಳಿಸಿ, ಈ ಕಾರ್ಯವು ನಮ್ಮಲ್ಲಿಯೇ ಸಾಧ್ಯವೆಂದು ತೋರಿಸಿಕೊಟ್ಟರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ೧೯೧೭ರಲ್ಲಿ ಮೈಸೂರಿನಲ್ಲಿಯೂ ಸರಕಾರದ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದು ನಿಂತವು. ಇಂದಿಗೂ ಮನೆಮನೆಯ ಬಚ್ಚಲಲ್ಲಿ ಕಾಣುವ ಮೈಸೂರು ಸ್ಯಾಂಡಲ್ ಸಾಬೂನಿನ ಮೂಲವು ಇದೇ.

ಇದರಲ್ಲಿ ಗಮನಿಸತಕ್ಕುದು ಎಣ್ಣೆಯನ್ನಲ್ಲ, ನಡೆದ ಕ್ರಮವನ್ನು. ಸರಕಾರಕ್ಕೆ ತನ್ನ ಪ್ರಶ್ನೆ ಏನೆಂಬುದು ಸ್ಪಷ್ಟವಾಗಿದ್ದಿತು. ಆ ಪ್ರಶ್ನೆಯನ್ನು ನಿರ್ಣಯಕ್ಕೆ ಮೊದಲೇ ಕೇಳಿತು. ಉತ್ತರ ಹೇಳಿದವರಿಗೆ ಮಾರತಕ್ಕ ಸರಕು ಯಾವುದೂ ಇರಲಿಲ್ಲ. ಉತ್ತರ ಬಂದ ಮೇಲೆ ಸರಕಾರವು ಮೀನಮೇಷ ಎಣಿಸದೆ ಕಾರ್ಯಕ್ಕೆ ಇಳಿಯಿತು. ಪರರಾಳ್ವಿಕೆಯ ಕಾಲದಲ್ಲಿ, ಒಂದು ಸಂಸ್ಥಾನದ ಸೀಮಿತ ಅಧಿಕಾರದೊಳಗೆ ಇಷ್ಟು ಸಾಧ್ಯವಾಯಿತು ಎಂಬುದನ್ನು ಸ್ವತಂತ್ರ ಭಾರತದ ಅಧಿಕಾರಿವರ್ಗವು ನೆನೆಯತಕ್ಕದ್ದು.

ಎರಡನೆಯ ದೃಷ್ಟಾಂತಕ್ಕೆ ಬರೋಣ. ೧೯೮೭ರಲ್ಲಿ ಕರ್ನಾಟಕ ಸರಕಾರದ ಸಮಿತಿಯೊಂದು ೨೦೦೦ನೆಯ ಇಸವಿಯವರೆಗಿನ ವಿದ್ಯುತ್ ಯೋಜನೆಗಳ ದೀರ್ಘಾವಧಿಯ ಲೆಕ್ಕವನ್ನು ಹಾಕಿತು. ಅದರ ಪ್ರಕಾರ ರಾಜ್ಯಕ್ಕೆ ಆ ವೇಳೆಗೆ ೯,೪೦೦ ಮೆಗಾವಾಟಿನಷ್ಟು ಸಾಮರ್ಥ್ಯವೂ ವರ್ಷಕ್ಕೆ ಸುಮಾರು ೪,೭೦೦ ಕೋಟಿ ಯೂನಿಟ್ ವಿದ್ಯುತ್ತೂ ಬೇಕು. ಅದಕ್ಕಾಗಿ ಕಲ್ಲಿದ್ದಲಿನ ಮತ್ತು ಅಣುಶಕ್ತಿಯ ದೊಡ್ಡ ದೊಡ್ಡ ಸ್ಥಾವರಗಳು ಬೇಕು. ಹಿಂದೆ ಬೇಡಿಕೆ ಎಷ್ಟು ವೇಗದಿಂದ ಏರಿತೋ ಮುಂದೆಯೂ ಹಾಗೆಯೇ ಏರುವುದೆಂದು ಗೆರೆಯನ್ನು ಎಳೆದುಕೊಂಡು ಹೋಗುವುದು ಇಂತಹ ಲೆಕ್ಕಗಳ ವಾಡಿಕೆ.

ಈ ಲೆಕ್ಕವನ್ನು ಒಪ್ಪದವರು ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ರೆಡ್ಡಿಯವರು. ಅವರು ವಿದ್ಯುತ್-ರಸಾಯನಶಾಸ್ತ್ರದಲ್ಲಿ ವಿದ್ವಾಂಸರು. ೧೯೭೪ರಲ್ಲಿ ಗ್ರಾಮಗಳಿಗೆ ವಿಜ್ಞಾನವನ್ನು ಮುಟ್ಟಿಸುವ 'ಅಸ್ತ್ರ' ಎಂಬ ವಿಭಾಗವನ್ನು ಆ ಸಂಸ್ಥೆಯಲ್ಲಿ ಕಟ್ಟಿದವರು. ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ, ಒಲೆಗೆ ಸೌದೆ ಎಷ್ಟು, ಅದನ್ನು ಆಯ್ದು ತರಲು ಹೆಂಗಸರೂ ಮಕ್ಕಳೂ ಸವೆಸುವ ಹೊತ್ತು ಎಷ್ಟು ಎಂಬುದನ್ನೆಲ್ಲ ಅವರ ಬಳಗವು ಅಳೆದು ನೋಡಿದ್ದಿತು. ಹೀಗೆ ನೆಲವನ್ನು ಮೆಟ್ಟಿ ಬಂದ ವಿದ್ವಾಂಸರು ೧೯೯೧ರಲ್ಲಿ ಪ್ರಕಟಿಸಿದ ತಮ್ಮ ಲೆಕ್ಕದಲ್ಲಿ ಬೇರೊಂದು ಪ್ರಶ್ನೆಯನ್ನು ಎತ್ತಿದರು. ಗೃಹಸ್ಥನಿಗೆ ಬೇಕಾದುದು ಯೂನಿಟ್ಟುಗಳಲ್ಲ. ಬೆಳಕು ಬೇಕು, ಸ್ನಾನಕ್ಕೆ ಬಿಸಿನೀರು ಬೇಕು, ಹೊಲಕ್ಕೆ ನೀರು ಬೇಕು. ಈ ಒಂದೊಂದು ಕೆಲಸವನ್ನೂ ಎಷ್ಟು ಕಡಮೆ ವಿದ್ಯುತ್ತಿನಿಂದ ಮಾಡಬಹುದು ಎಂಬುದು ಅವರ ಪ್ರಶ್ನೆ. ಹಳೆಯ ಬಲ್ಬುಗಳಿಗೆ ಬದಲು ಮಿತವ್ಯಯದ ದೀಪ, ನೀರು ಕಾಯಿಸಲು ಸೂರ್ಯನ ಶಾಖ, ಬಾವಿಗೆ ಒಳ್ಳೆಯ ಪಂಪು, ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಸಣ್ಣ ಹೊಳೆಗಳ ಮೇಲೆ ಸಣ್ಣ ಸ್ಥಾವರ: ಇಷ್ಟನ್ನು ಮಾಡಿದರೆ, ರಾಜ್ಯದ ಸಮಸ್ತ ಮನೆಗಳಿಗೂ ದೀಪವನ್ನು ಕೊಟ್ಟ ಮೇಲೆಯೂ, ಸುಮಾರು ೪,೦೦೦ ಮೆಗಾವಾಟ್ ಸಾಮರ್ಥ್ಯ ಮತ್ತು ೧,೭೯೦ ಕೋಟಿ ಯೂನಿಟ್ ಸಾಕೆಂದು ಅವರು ತೋರಿಸಿದರು. ಖರ್ಚು ಸಮಿತಿಯ ಲೆಕ್ಕದ ಮೂರನೆಯ ಒಂದು ಭಾಗದ ಆಸುಪಾಸು.

ಈ ಲೆಕ್ಕದ ಪ್ರತಿಯೊಂದು ಅಂಕಿಯೂ ಪ್ರಶ್ನಾತೀತವೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ರಾಜ್ಯದ ಒಂದೇ ಕಾಲದ ಅವಶ್ಯಕತೆಯ ಬಗ್ಗೆ ಇಬ್ಬರು ಬಲ್ಲವರ ಲೆಕ್ಕಗಳಲ್ಲಿ ಒಂದಕ್ಕೆ ಎರಡೂವರೆಯಷ್ಟು ಅಂತರ ಬಂದಾಗ, ನಡುವೆ ತೂಗುತ್ತಿರುವುದು ಪ್ರಜೆಗಳ ಸಹಸ್ರಾರು ಕೋಟಿ ರೂಪಾಯಿಗಳೂ ಸ್ಥಾವರಗಳಿಗಾಗಿ ಎತ್ತಂಗಡಿಯಾಗತಕ್ಕ ಊರುಗಳೂ ಅಲ್ಲವೆ? ಅಂತಹ ವೇಳೆ ಎರಡು ಲೆಕ್ಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಪರಿಶೀಲಿಸುವುದು ಆಡಳಿತದ ಕರ್ತವ್ಯವೇ ಹೊರತು ವಿದ್ವಾಂಸರ ಮೇಲೆ ತೋರುವ ಕೃಪೆಯಲ್ಲ. ಕರ್ನಾಟಕದಲ್ಲಿ ಸೌರ ಜಲತಾಪಕ, ಮಿತವ್ಯಯದ ದೀಪ, ಗುಣಮಟ್ಟದ ಪಂಪು ಇವುಗಳನ್ನು ಕಡ್ಡಾಯ ಮಾಡುವ ಸರಕಾರಿ ಆಜ್ಞೆಯು ಹೊರಟದ್ದು ೨೦೦೭ರಲ್ಲಿ. ಕೇಂದ್ರ ಸರಕಾರವು ಮನೆಮನೆಗೆ ಎಲ್.ಇ.ಡಿ. ದೀಪವನ್ನು ಹಂಚಲು ತೊಡಗಿದ್ದು ೨೦೧೫ರಲ್ಲಿ. ೧೯೯೧ರಲ್ಲಿ ಅಚ್ಚಾದ ಮಾತು ಆಜ್ಞೆಯ ರೂಪವನ್ನು ತಾಳಲು ಹದಿನಾರು ವರ್ಷ, ಬಡವನ ಮನೆಯ ದೀಪವಾಗಲು ಇಪ್ಪತ್ತನಾಲ್ಕು ವರ್ಷ!

ಪಂಪಿನ ವಿಷಯದಲ್ಲಿ ಇನ್ನೊಂದು ಪಾಠವುಂಟು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತವಾಗಿರುವುದು. ರೈತನ ಕಷ್ಟವನ್ನು ಕಂಡು ಮಾಡಿದ ಈ ಉಪಕಾರವನ್ನು ನಾವು ಹಳಿಯುವುದಿಲ್ಲ. ಆದರೆ ವಿದ್ಯುತ್ತಿಗೆ ಬೆಲೆಯೇ ಇಲ್ಲವಾದಾಗ ಹಣ ತೆತ್ತು ಒಳ್ಳೆಯ ಪಂಪನ್ನು ಯಾವ ರೈತನು ಕೊಂಡಾನು? ಇಂತಹ ಸ್ಥಳದಲ್ಲಿ ವಿದ್ವಾಂಸನು ಹೇಳಬಲ್ಲದ್ದು ಈ ಉಪಕಾರದ ಬೆಲೆ ಇಷ್ಟು, ಅದನ್ನು ತೆರುವವರು ಇಂಥವರು ಎಂಬುದನ್ನು ಮಾತ್ರ. ತೆರಬೇಕೋ ಬೇಡವೋ ಎಂಬುದು ಪ್ರಜಾಪ್ರತಿನಿಧಿಗಳ ತೀರ್ಮಾನ. ವಿದ್ವಾಂಸರೇ ರಾಜ್ಯವಾಳಲಿ ಎಂಬುದು ನಮ್ಮ ವಾದವಲ್ಲ. ಆಳುವವರು ಲೆಕ್ಕವನ್ನು ತಿಳಿದು, ಪ್ರಜೆಗಳಿಗೂ ತಿಳಿಸಿ ಆಳಲಿ ಎಂಬುದಿಷ್ಟೇ.

ಇನ್ನು ಬದನೆಯ ಕಥೆ. ಕಾಯಿಕೊರಕ ಹುಳುವನ್ನು ತಾನೇ ಕೊಲ್ಲುವಂತೆ ಪರಜೀವಿಯ ವಂಶವಾಹಿಯನ್ನು ಸೇರಿಸಿದ ಬಿಟಿ ಬದನೆಗೆ ಕೇಂದ್ರದ ಅನುಮೋದನಾ ಸಮಿತಿಯು ೨೦೦೯ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಪರಿಸರ ಮಂತ್ರಿಗಳಾಗಿದ್ದ ಜೈರಾಮ್ ರಮೇಶ್ ಅವರು ಏಳು ನಗರಗಳಲ್ಲಿ ಬಹಿರಂಗ ಸಭೆಗಳನ್ನು ನಡೆಸಿ, ಬೆಂಗಳೂರಿನ ಸಭೆಯೂ ಮುಗಿದ ಬಳಿಕ, ೨೦೧೦ರ ಫೆಬ್ರವರಿ ೯ರಂದು ಅದನ್ನು ತಡೆಹಿಡಿದರು. ಆ ಸಭೆಗಳಲ್ಲಿ ಗದ್ದಲವಾಯಿತು, ನಿಜ. ಆದರೂ ರೈತನು, ವಿಜ್ಞಾನಿಯು, ವರ್ತಕನು, ಗಿರಾಕಿಯು ಒಂದೇ ಚಾವಡಿಯಲ್ಲಿ ಮಾತನಾಡಿದುದು ಸಣ್ಣ ಸಂಗತಿಯಲ್ಲ.

ಶೋಚನೀಯವಾದುದು ಮುಂದಿನದು. ಈ ವಿಷಯದಲ್ಲಿ ದೇಶದ ಆರು ವಿಜ್ಞಾನ ಅಕಾಡೆಮಿಗಳ ಅಭಿಪ್ರಾಯವನ್ನು ಕೇಳಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ವರದಿಯಲ್ಲಿ ಕೆಲವು ಭಾಗಗಳು ಬೇರೊಂದು ಲೇಖನದಿಂದ, ಹೆಸರು ಹೇಳದೆ, ಎತ್ತಿಕೊಂಡವುಗಳೆಂದು ಬಯಲಾಯಿತು. ಮಂತ್ರಿಗಳು ಅದನ್ನು ಸ್ವೀಕರಿಸದಾದರು. ಅಕಾಡೆಮಿಗಳು ವರದಿಯನ್ನು ತಿದ್ದಿ ಬರೆಯಬೇಕಾಯಿತು. ಬಿಟಿ ಬದನೆಯು ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆಯ ಮಾತು. ಸರಕಾರವು ಕಿವಿಗೊಟ್ಟ ಆ ಅಪರೂಪದ ಗಳಿಗೆಯಲ್ಲಿ ವಿದ್ವಾಂಸರ ಬಾಯಿಂದ ಎರವಲು ಮಾತು ಹೊರಟಿತಲ್ಲಾ ಎಂಬುದೇ ದುಃಖ. ಅಂತಹ ಒಂದು ಪ್ರಮಾದದಿಂದ ಹತ್ತು ಪ್ರಾಮಾಣಿಕ ಸಂಶೋಧನೆಗಳಿಗೆ ಸಂದೇಹದ ಕಳಂಕ ಹತ್ತುವುದು.

ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಈ ಬೀಜದ ಕೆಲಸದಲ್ಲಿ ಪಾಲುಗೊಂಡಿದ್ದಿತು. ಉಡುಪಿಯ ಗುಳ್ಳವೂ ಅಲ್ಲಿ ಪ್ರಯೋಗಕ್ಕೆ ಒಳಗಾದ ತಳಿಗಳಲ್ಲೊಂದು. ಸರಕಾರದ ವಿದ್ಯಾಸಂಸ್ಥೆಯು ರೈತನಿಗಾಗಿ ಹೊಸ ಬೀಜವನ್ನು ಮಾಡುವುದರಲ್ಲಿ ದೋಷವೇನೂ ಇಲ್ಲ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಲೋಕದ ಮಾತು. ಬೀಜವನ್ನು ಮಾಡುವವರು ಒಬ್ಬರು, ಅದನ್ನು ಪರೀಕ್ಷಿಸಿ ಸರಕಾರಕ್ಕೆ ಸಾಕ್ಷಿ ಹೇಳುವವರು ಇನ್ನೊಬ್ಬರು ಆಗಿರಬೇಕಾದುದು ನ್ಯಾಯ.

ಇವು ಹಿಂದಿನ ಕಥೆಗಳೆಂದು ವಾಚಕರು ಬದಿಗೆ ಸರಿಸಬಾರದು. ಕೇಂದ್ರ ಸರಕಾರವು ೨೦೨೪ರಲ್ಲಿ ಕೃತಕ ಬುದ್ಧಿಮತ್ತೆಯ ಯೋಜನೆಗೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ಹಣವನ್ನು ಮಂಜೂರು ಮಾಡಿತು. ೨೦೨೫ರ ಮೇ ತಿಂಗಳಿನಲ್ಲಿ ವಂಶವಾಹಿಯನ್ನು ತಿದ್ದಿದ ಎರಡು ಬತ್ತದ ತಳಿಗಳನ್ನು ಪ್ರಕಟಿಸಿತು. ಬೆಂಗಳೂರಿನ ಬೀದಿಗಳಲ್ಲಿ ಮುಖವನ್ನು ಗುರುತು ಹಿಡಿಯತಕ್ಕ ಪೊಲೀಸು ಕ್ಯಾಮರಾಗಳು ಬಂದಿವೆ. ಅವು ನೂರು ಸಲ ನೋಡಿದರೆ ಎಷ್ಟು ಸಲ ತಪ್ಪುವುವು? ಯಾರ ಮುಖದಲ್ಲಿ ಹೆಚ್ಚಾಗಿ ತಪ್ಪುವುವು? ತಪ್ಪಿನಿಂದ ನಿರಪರಾಧಿಯು ಠಾಣೆಯ ಮೆಟ್ಟಿಲನ್ನು ಹತ್ತಿದರೆ ಹೊಣೆ ಯಾರದು? ಮೊದಲಿನ ಎರಡು ಪ್ರಶ್ನೆಗಳಿಗೆ ಪ್ರಯೋಗಶಾಲೆಯು ಉತ್ತರ ಹೇಳಬಲ್ಲದು. ಆ ಉತ್ತರವಿಲ್ಲದೆ ಮೂರನೆಯದಕ್ಕೆ ಶಾಸನಸಭೆಯು ಉತ್ತರ ಹೇಳಲಾರದು.

ಆದುದರಿಂದ ನಾವು ಸರಕಾರದ ಮುಂದೆ ನಾಲ್ಕು ಸೂಚನೆಗಳನ್ನು ಇಡುವೆವು. ಮೊದಲನೆಯದು, ಹೊಸ ಯಂತ್ರವಿದ್ಯೆಗೆ ದೊಡ್ಡ ಮೊತ್ತವನ್ನು ಮಂಜೂರು ಮಾಡುವ ಮೊದಲೇ, ಟೆಂಡರು ಕರೆದ ಮೇಲಲ್ಲ, ವಿಶ್ವವಿದ್ಯಾನಿಲಯಗಳನ್ನು ಲಿಖಿತವಾಗಿ ಪ್ರಶ್ನಿಸತಕ್ಕದ್ದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿ ಫಲವಿಲ್ಲ. ಎರಡನೆಯದು, ಉತ್ತರ ಹೇಳುವವರು ತಮಗೆ ಆ ವ್ಯಾಪಾರದಲ್ಲಿ ಸಂಬಂಧವಿದ್ದರೆ ಅದನ್ನು ವರದಿಯ ಮೊದಲ ಪುಟದಲ್ಲಿಯೇ ಹೇಳತಕ್ಕದ್ದು. ಮೂರನೆಯದು, ವರದಿಯು ಕನ್ನಡದಲ್ಲಿ ಪ್ರಕಟವಾಗತಕ್ಕದ್ದು. ತೆರಿಗೆ ತೆರುವವನು ಓದಲಾರದ ವರದಿಯು ಅವನ ಪಾಲಿಗೆ ಇಲ್ಲದಂತೆಯೇ. ನಾಲ್ಕನೆಯದು, ಸರಕಾರವು ಆ ಸಲಹೆಯನ್ನು ಒಪ್ಪದಿದ್ದರೆ, ಒಪ್ಪದಿರಲು ಕಾರಣವನ್ನು ಶಾಸನಸಭೆಯ ಮುಂದೆ ಗೊತ್ತಾದ ಅವಧಿಯೊಳಗೆ ಇಡತಕ್ಕದ್ದು.

ಇದರಿಂದ ಕಾಲಹರಣವಾಗುವುದೆಂದು ಆಕ್ಷೇಪಿಸುವವರುಂಟು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಸದಸ್ಯರಿಗೆ ವಿಜ್ಞಾನ ವಿಷಯಗಳನ್ನು ತಿಳಿಯಪಡಿಸುವ ಸಣ್ಣ ಕಚೇರಿಯೊಂದು ೧೯೮೯ರಿಂದ ನಡೆಯುತ್ತಿರುವುದು. ಅದರಿಂದ ಆ ದೇಶದ ಆಡಳಿತ ನಿಂತಿಲ್ಲ. ಅಮೆರಿಕದಲ್ಲಿ ೧೯೭೨ರಲ್ಲಿ ಸ್ಥಾಪಿಸಿದ ಇಂತಹದೇ ಕಚೇರಿಯನ್ನು ೧೯೯೫ರಲ್ಲಿ ಖರ್ಚಿನ ನೆಪದಿಂದ ಮುಚ್ಚಿದರು. ಅದನ್ನು ಮತ್ತೆ ತೆರೆಯಬೇಕೆಂಬ ಕೂಗು ಅಲ್ಲಿ ಅನಂತರ ಹಲವು ಸಲ ಎದ್ದಿತು. ವಿಧಾನಸೌಧದಲ್ಲಿ ಅಂತಹ ನಾಲ್ಕು ಕುರ್ಚಿಗಳ ಕೋಣೆಯೊಂದಕ್ಕೆ ಸ್ಥಳವಿಲ್ಲವೆಂದು ಯಾರೂ ಹೇಳಲಾರರು.

ಆದರೆ ಕೇಳುವ ಕಿವಿಯಿದ್ದರೆ ಸಾಲದು, ಹೇಳುವ ಬಾಯಿಯೂ ಬೇಕು. ದೇಶದ ಉತ್ಪತ್ತಿಯಲ್ಲಿ ಸಂಶೋಧನೆಗೆ ಸಲ್ಲುತ್ತಿರುವುದು, ೨೦೨೦-೨೧ರ ಲೆಕ್ಕದಂತೆ, ನೂರಕ್ಕೆ ೦.೬೪ ಪಾಲು ಮಾತ್ರ. ಬೋಧಕರ ಸ್ಥಾನಗಳನ್ನು ಖಾಲಿಯಿರಿಸಿ, ಪ್ರಯೋಗಶಾಲೆಗಳ ಬಾಗಿಲಿಗೆ ಬೀಗವಿಕ್ಕಿ, ವಿಶ್ವವಿದ್ಯಾನಿಲಯದಿಂದ ಸಲಹೆ ಬರಲಿಲ್ಲವೆಂದು ದೂರುವುದು, ಹಸುವಿಗೆ ಹುಲ್ಲು ಹಾಕದೆ ಹಾಲು ಕರೆಯಲು ಹೊರಟವನ ದೂರಿನಂತೆ.

ಗಂಧದ ಮರವಿದ್ದೂ ಎಣ್ಣೆಗಾಗಿ ಪರದೇಶದ ಬಾಗಿಲನ್ನು ಕಾಯುತ್ತಿದ್ದ ಮೈಸೂರು ಎರಡೇ ವರ್ಷಗಳಲ್ಲಿ ತನ್ನ ಕಾರ್ಖಾನೆಯನ್ನು ಕಟ್ಟಿಕೊಂಡಿತು. ಇಂದು ನಮ್ಮಲ್ಲಿ ವಿದ್ವಾಂಸರು ಇದ್ದಾರೆ. ಅವರ ಬುದ್ಧಿಯನ್ನು ಕೊಂಡು ಯಂತ್ರವನ್ನಾಗಿ ಮಾಡಿ ನಮಗೇ ಮಾರುವವರು ಪರದೇಶಗಳಲ್ಲಿ ಇದ್ದಾರೆ. ಕೊಳ್ಳುವ ಮೊದಲು ಮನೆಯವರನ್ನು ಒಂದು ಮಾತು ಕೇಳಿರಿ ಎಂಬುದಷ್ಟೇ ನಮ್ಮ ವಿಜ್ಞಾಪನೆ.